ಏಳನೇ ನಂಬರಿನ ಕೋಟು

ಮಾರ್ಚ್ ಹನ್ನೊಂದರ ಬೆಳಿಗ್ಗೆ ಒಂಬತ್ತೂ ನಲವತ್ತೆರಡಕ್ಕೆ ಪೌರಕಾರ್ಮಿಕ ಹುಲಿಗೆಪ್ಪ ಗಿರಣಿ ಚಾಳಿನ ಮುಂದಿನ ಒಳಚರಂಡಿ ಗುಂಡಿಗೆ ಇಳಿದ. ಮೇಲೆ ಬರಲಿಲ್ಲ. ನಗರದ ದಾಖಲೆಯ ವೀಡಿಯೊದಲ್ಲಿ ಮೇಲೆ ಬಂದ.

ಎಂಬತ್ತೇಳನೆಯ ದಿನ ಅವನ ಹೆಂಡತಿ ದುರ್ಗವ್ವ ನಗರ ದೃಶ್ಯ ಭಂಡಾರದ ಕೌಂಟರಿಗೆ ಬಂದು ನಿಂತಳು. ಗಾಜಿನಾಚೆ ಕೂತಿದ್ದವಳು ನೀಲಗಂಗಾ, ಎಕ್ಸ್‌ಪೋರ್ಟ್ ವಿಭಾಗದ ಆಪರೇಟರು. ಊರಿನ ಬೀದಿ ಕ್ಯಾಮೆರಾಗಳು ಹಗಲಿಡೀ ಹಿಡಿದದ್ದನ್ನು ಒತ್ತಿ ಸಣ್ಣದು ಮಾಡಿ ಕಪಾಟಿಗೆ ಸೇರಿಸುವುದು ಅವಳ ನಿತ್ಯದ ಕೆಲಸ. ಕೌಂಟರಿನ ಪಾಳಿ ವಾರಕ್ಕೊಂದು ದಿನ ಮಾತ್ರ.

"ಅಕ್ಕಾರ, ಮಾರ್ಚ್ ಹನ್ನೊಂದರದು ಇನ್ನೊಮ್ಮೆ ತೋರಸ್ರಿ."

"ಸ್ಟೇಷನ್ನಿನಾಗ ತೋರಿಸ್ಯಾರಲ್ಲವಾ?"

"ತೋರಿಸ್ಯಾರ. ಆವತ್ತ ಕಣ್ಣಾಗ ನೀರಿತ್ತು, ಸರಿಯಾಗಿ ಕಂಡಿದ್ದಿಲ್ಲ. ಈಗ ಕಣ್ಣು ಒಣಗ್ಯಾವು. ತೋರಸ್ರಿ."

ನೀಲಗಂಗಾಗೆ ಮೊದಲು ಅನುಮಾನ ಬಂದದ್ದು ದುರ್ಗವ್ವನ ಮೇಲೆಯೇ. ಗಂಡ ಓಡಿಹೋದದ್ದನ್ನು ಸಾವು ಎಂದು ಸಾಧಿಸಲು ಬರುವ ಹೆಂಗಸರ ಬಗ್ಗೆ ಮೇಲಿನವರು ಎಚ್ಚರಿಕೆ ಕೊಟ್ಟಿದ್ದರು. ಮಾತು ಬೆಳೆಸದೆ ವೀಡಿಯೊ ಹಚ್ಚಿದಳು.

ಗುಂಡಿಯ ಬಾಯಿ. ಪಕ್ಕದಲ್ಲಿ ಕಿತ್ತಳೆ ಕೋಟಿನ ಇಬ್ಬರು: ಬೆನ್ನ ಮೇಲೆ ಏಳು ಇದ್ದವನು ಹುಲಿಗೆಪ್ಪ, ನಾಲ್ಕು ಇದ್ದವನು ಅವನ ಜೋಡಿದಾರ ಯಮನೂರಿ. ಏಳು ಇಳಿಯಿತು. ನಾಲ್ಕು ಬೀಡಿ ಹುಡುಕುವವನಂತೆ ಕಿಸೆ ಮುಟ್ಟುತ್ತ ಚೌಕಟ್ಟಿನಾಚೆ ನಡೆದುಹೋಯಿತು. ಏಳು ನಿಮಿಷಕ್ಕೆ ಏಳನೇ ನಂಬರು ಮೇಲೆ ಬಂದು, ಹಣೆ ಒರೆಸಿಕೊಂಡು, ಗುತ್ತಿಗೆದಾರನ ಮನುಷ್ಯನ ಪಕ್ಕ ನಿಂತಿತು.

ದುರ್ಗವ್ವ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಆಮೇಲೆ ನಕ್ಕಳು. ಆ ನಗೆ ಕೇಳಿ ಸಾಲಿನಲ್ಲಿದ್ದವರು ತಿರುಗಿದರು.

"ಗುಂಡ್ಯಾಗಿಂದ ಎದ್ದಾಂವ ಹಿಂಗಿರ್ತಾನೇನ್ರಿ ಅಕ್ಕಾರ? ಮೈಗೆ ಒಂದು ಹನಿ ಹೊಲಸಿಲ್ಲ. ಲಗ್ನದ ಮನಿಗೆ ಹೊಂಟಾಂವನಂಗ ಅದಾನ!"

ನೀಲಗಂಗಾ ಪರದೆ ನೋಡಿದಳು. ಕೋಟು ಇಸ್ತ್ರಿ ಮಾಡಿಟ್ಟಂತಿತ್ತು.

"ಮತ್ತ ಇನ್ನೊಂದು. ಕೋಟು ತೊಟ್ಟು ಯಾರೂ ಇಳಿಯಂಗಿಲ್ರಿ. ಇಳಿಯಾಂವ ಬಿಚ್ಚಿ ಜೋಡಿದಾರನ ಮೈಗೆ ತೊಡಿಸಬೇಕು. ಮ್ಯಾಲಿದ್ದಾಂವ ತನ್ನ ಕೋಟಿನ ಮ್ಯಾಲ ಅದನ್ನ ತೊಟ್ಟು ಕಾಯಬೇಕು. ಇಳಿದಾಂವ ಎದ್ದು ಬಂದು, 'ಕೊಡಪಾ ನನ್ನ ಕೋಟು' ಅಂದ ಮ್ಯಾಲೇನ ಬಿಚ್ಚೂದು. ನೆಲಕ್ಕ ಇಟ್ಟರ ಕೆಳಗಿದ್ದಾಂವಗ ಕೇಡು. ಪಾಳಿ ಬದಲಾದ್ರ ಮೈಯಿಂದ ಮೈಗೆ ದಾಟಿಸ್ತಾರ. ನಮ್ಮ ಮಾವನ ಕಾಲದಿಂದ ಹಿಂಗ ನಡದೈತಿ."

"ಹಂಗಾದ್ರ ಏಳನೇ ನಂಬರಿನ ಕೋಟು ಆವತ್ತ ಯಾರ ಮೈಮ್ಯಾಲಿತ್ತು?"

"ಯಮನೂರಿ ಮೈಮ್ಯಾಲ. ಇವತ್ತಿಗೂ ಅವನ ಮೈಮ್ಯಾಲೇ ಐತಿ."

"ಎಂಬತ್ತೇಳು ದಿನದಿಂದ?"

"ಯಾರೂ ಬಂದು ಕೇಳಿಲ್ಲಲ್ರೀ."

ಯಮನೂರಿ ಸ್ಟೇಷನ್ನಿಗೆ ಹೋಗಿದ್ದ, ತಾನೇ ಹಗ್ಗ ಹಿಡಿದಿದ್ದೆ ಎಂದು ಹೇಳಿದ್ದ. ವೀಡಿಯೊ ನೋಡಪ್ಪ, ನೀನು ಅಲ್ಲಿರಲೇ ಇಲ್ಲ ಎಂದು ಅವನನ್ನು ಕಳಿಸಿದ್ದರು. ಅವನು ಚಾಳಿಗೆ ಓಡಿ ಜನರನ್ನು ಕರೆತರುವಷ್ಟರಲ್ಲಿ ಗುತ್ತಿಗೆದಾರನವರು ಗುಂಡಿಯ ಮುಚ್ಚಳ ಹಾಕಿ ಅದರ ಮೇಲೆ ಲಾರಿ ನಿಲ್ಲಿಸಿದ್ದರು. ಎದ್ದು ಹೋದವನನ್ನು ಕೊಳವೆಯಲ್ಲಿ ಹುಡುಕುವುದು ಯಾರು? ಗುಂಡಿಗೆ ಮನುಷ್ಯರನ್ನು ಇಳಿಸುವುದು ಕಾನೂನಿಗೆ ವಿರುದ್ಧ. ಇಳಿದವನು ಸುಖವಾಗಿ ಎದ್ದಿದ್ದಾನೆ ಎಂದರೆ ಎಲ್ಲರಿಗೂ ಅನುಕೂಲ.

"ಮುಖಾನೂ ಅವಂದಲ್ರಿ," ಎಂದು ಹೇಳಿ ದುರ್ಗವ್ವ ಸಾಲು ಬಿಟ್ಟು ಹೋದಳು.

*

ಒತ್ತುವ ಕೆಲಸ ಹುಟ್ಟಿದ್ದು ನೀರಿನಿಂದ. ದೇಶದ ತುಂಬ ಕ್ಯಾಮೆರಾ ನೆಟ್ಟರು. ಅವು ಕಂಡದ್ದನ್ನೆಲ್ಲ ಯಂತ್ರಗಳು ನೆನಪಿಟ್ಟುಕೊಂಡವು. ನೆನಪಿನಿಂದ ಬಿಸಿಯಾದ ಯಂತ್ರಗಳನ್ನು ತಣಿಸಲು ಕೆರೆಗಟ್ಟಲೆ ನೀರು ಬೇಕಾಯಿತು. ಜನ ಕೊಡ ಹಿಡಿದು ಬೀದಿಗೆ ಬಂದಾಗ ಸರಕಾರ ಕ್ಯಾಮೆರಾ ಕೀಳಲಿಲ್ಲ. ನೆನಪಿಗೆ ಪಡಿ ಹಾಕಿತು. ಊರಿಗಿಷ್ಟು ಜಾಗ, ಮನೆಗಿಷ್ಟು ಜಾಗ. ಮೂಲ ವೀಡಿಯೊಗೆ ತೊಂಬತ್ತು ದಿನದ ಆಯುಸ್ಸು. ಆಮೇಲೆ ಒತ್ತಿದ ಪ್ರತಿ ಮಾತ್ರ ಸತ್ಯ.

ವೀಡಿಯೊ ಎಂದರೆ ಸಾಲಾಗಿ ಓಡುವ ಚಿತ್ರಗಳು, ಫ್ರೇಮುಗಳು. ಕೆಲವನ್ನಷ್ಟೇ ಪೂರ್ತಿ ಇಟ್ಟುಕೊಳ್ಳುತ್ತಾರೆ. ವಿಭಾಗದ ಮಾತಿನಲ್ಲಿ ಅವು ತಾಯಿ ಫ್ರೇಮು. ನಡುವಿನವು ಮಕ್ಕಳು: ತಾಯಿಗಿಂತ ಎಷ್ಟು ಬದಲಾಯಿತೋ ಅಷ್ಟನ್ನೇ ಬರೆದಿಟ್ಟರೆ ಸಾಕು. ಒಂದನೆಯ ದರ್ಜೆಯಲ್ಲಿ ಎರಡು ಸೆಕೆಂಡಿಗೊಬ್ಬ ತಾಯಿ. ಎರಡನೆಯದರಲ್ಲಿ ನಿಮಿಷಕ್ಕೊಬ್ಬಳು. ಮೂರನೆಯದರಲ್ಲಿ ಹತ್ತು ನಿಮಿಷಕ್ಕೊಬ್ಬ ತಾಯಿ, ಮಕ್ಕಳೇ ಇಲ್ಲ. ನಡುವೆ ನಡೆದದ್ದಕ್ಕೆ 'ಒಬ್ಬ ಇಳಿದ' ಎಂಬಂಥ ತುಂಡು ಟಿಪ್ಪಣಿ. ಯಾರಾದರೂ ನೋಡಲು ಕೇಳಿದರೆ 'ಊಹಕ' ಎಂಬ ಯಂತ್ರ ಆ ಟಿಪ್ಪಣಿ ಹಿಡಿದು ನಡುವಿನ ಹತ್ತು ನಿಮಿಷವನ್ನು ಹೊಸದಾಗಿ ನೇಯ್ದು ಕೊಡುತ್ತದೆ. ಮುಖಕ್ಕೆ ಜಾಗ ಹೆಚ್ಚು ಬೇಕು, ಕೋಟಿನ ನಂಬರಿಗೆ ಸಾಸಿವೆಯಷ್ಟು ಸಾಕು. ಹಾಗಾಗಿ ಅಲ್ಲಿ ನಂಬರೇ ಮನುಷ್ಯ. ಮುಖ ಬೇಕಾದಾಗ ಹದಿನಾರು ಮಾದರಿ ಮುಖಗಳಲ್ಲಿ ಒಂದನ್ನು ಅಂಟಿಸುತ್ತಾರೆ.

ಯಾವ ಬೀದಿಗೆ ಯಾವ ದರ್ಜೆ? ತಮ್ಮ ಬೀದಿಯ ವೀಡಿಯೊ ಬೇಕೆಂದು ಎಷ್ಟು ಜನ ಅರ್ಜಿ ಹಾಕುತ್ತಾರೋ ಅದರ ಮೇಲೆ. ಬಂಗಲೆಗಳ ಬಡಾವಣೆಯವರು ಬೆಕ್ಕು ಕಳೆದರೂ ಅರ್ಜಿ ಹಾಕುತ್ತಿದ್ದರು. ಬೆಕ್ಕಿನ ಮೀಸೆ ಎಣಿಸುವಷ್ಟು ಸ್ಪಷ್ಟವಾಗಿ ಅವರ ಬೀದಿ ಉಳಿಯುತ್ತಿತ್ತು. ಗಿರಣಿ ಚಾಳಿನಿಂದ ಅರ್ಜಿ ಬಂದದ್ದೇ ಇಲ್ಲ. ಅದಕ್ಕೆ ಮೂರನೆಯ ದರ್ಜೆ.

ನೀಲಗಂಗಾಗೆ ಇದೆಲ್ಲ ಹದಿಮೂರು ವರ್ಷದಿಂದ ಗೊತ್ತು. ಗೊತ್ತಿದ್ದದ್ದು ಆ ಮಧ್ಯಾಹ್ನ ಮೊದಲ ಸಲ ಚುಚ್ಚಿತು. ಒಂಬತ್ತೂ ಐವತ್ತರ ತಾಯಿ ಫ್ರೇಮಿನಲ್ಲಿ ಏಳನೇ ನಂಬರು ಮೇಲೆ ಇದೆ, ನಾಲ್ಕನೇ ನಂಬರು ಕಾಣುವುದಿಲ್ಲ. ಅದು ಏಳರ ಕೆಳಗೆ ಮುಚ್ಚಿಕೊಂಡಿದ್ದರೆ? ಒಬ್ಬನೇ ಎರಡು ಕೋಟು ತೊಟ್ಟಾನು ಎಂದು ಊಹಕನಿಗೆ ಹೇಳಿಕೊಟ್ಟವರು ಯಾರು?

ಅಷ್ಟರಲ್ಲಿ ಮೇಲ್ವಿಚಾರಕ ಹಂಚಿನಮನಿ ಒಳಗೆ ಬಂದ. ಕೈಯಲ್ಲಿ ಎರಡು ಕಪ್ಪು ಚಹಾ. ಹದಿಮೂರು ವರ್ಷದಲ್ಲಿ ಅವನು ಯಾರಿಗೂ ಚಹಾ ತಂದುಕೊಟ್ಟದ್ದನ್ನು ಅವಳು ಕಂಡಿರಲಿಲ್ಲ.

"ತಗೋರಿ ನೀಲಗಂಗಾ. ಥಂಡಿ ಭಾಳ ಐತಿ ಒಳಗ."

"ಏನರ ಕೆಲಸ ಇತ್ತೇನ್ರಿ ಸರ್?"

"ಸಣ್ಣ ಕೆಲಸ. ಆ ಚಾಳಿನ ಹೆಂಗಸಿಂದು ಒಂದು ವಿಚಾರಣಿ ನಡದೈತಲ್ಲ, ಪ್ರಮಾಣಪತ್ರ ಕೇಳ್ಯಾರ. 'ಈ ಪ್ರತಿ ಮೂಲಕ್ಕೆ ನಿಷ್ಠವಾಗಿದೆ' ಅಂತ. ನಾಡದ ನೀವೊಂದು ಹೆಬ್ಬೆಟ್ಟು ಒತ್ತಿಬಿಡ್ರಿ. ಅದರ ಹಿಂದ ಮೂಲಾನೂ ಅಳಿಸಿಬಿಡೂಣು."

"ತೊಂಬತ್ತು ದಿನ ಆಗಿಲ್ಲಲ್ರಿ. ನಾಡದ ಅಂದ್ರ ಎಂಬತ್ತೊಂಬತ್ತು."

"ಒಂದು ದಿನಕ್ಕ ಏನು ಪಂಚಾಂಗ ನೋಡ್ತೀರಿ?" ಎಂದು ನಕ್ಕ ಹಂಚಿನಮನಿ, ಚಹಾ ಮುಗಿಸದೆ ಎದ್ದುಹೋದ.

*

ಮನೆಯಲ್ಲಿ ಅಪ್ಪ ಶಿವಪುತ್ರಪ್ಪ ಜಗುಲಿಯ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದ. ಕಣ್ಣು ಮಂಜಾದ ಮೇಲೆ ಅವನ ಕೆಲಸವೆಲ್ಲ ಬೆರಳಿನಲ್ಲೇ. ಈಗ ಭಂಡಾರ ಇರುವ ಕಟ್ಟಡ ಹಿಂದೆ ಅರಳೆ ಒತ್ತುವ ಗಿರಣಿಯಾಗಿತ್ತು. ಅಪ್ಪ ಅಲ್ಲಿ ಇಪ್ಪತ್ತಾರು ವರ್ಷ ಅಂಡಿಗೆ ಕಟ್ಟಿದವನು. ಎಕ್ಸ್‌ಪೋರ್ಟ್ ವಿಭಾಗದವರು 'ಒತ್ತು' ಎಂಬ ಮಾತನ್ನು ಕಲಿತದ್ದೇ ಅಂಥ ಹಳಬರಿಂದ.

"ಯಪ್ಪಾ, ಅರಳಿ ಒತ್ತಿದ ಮ್ಯಾಲ ಅದರಾಗಿಂದ ಏನರ ಕಳೀತಿತ್ತಾ?"

"ಏನ್ ಕಳೀತೈತಿ? ಕೋಣೆ ತುಂಬೂವಷ್ಟು ಅರಳಿ ಒತ್ತಿ ಒಂದು ಅಂಡಿಗಿ ಮಾಡ್ತಿದ್ವಿ. ಮುಂಬೈದಾಗ ಪಟ್ಟಿ ಕಡದ್ರ ಮತ್ತ ಕೋಣೆ ತುಂಬ ಅರಳಿ. ಅದ ಅರಳಿ. ನಿಮ್ಮದು ಎಂಥಾ ಒತ್ತೂದೋ, ಒತ್ತೂ ಮುಂದ ನಿಮ್ಮವ್ವ ಇದ್ಲು, ಬಿಚ್ಚೂ ಮುಂದ ಯಾರೋ ಬಂದು ಕುಂತಾಳ."

ಅದು ಅವರ ಮನೆಯ ಹಳೆಯ ಹುಣ್ಣು. ಅವ್ವನ ಮೇಲ್ಸಾಲಿನ ಒಂದು ಹಲ್ಲು ಬಿದ್ದಿತ್ತು. ನಗು ಬಂದಾಗ ಸೆರಗು ಬಾಯಿಗೆ ಹಿಡಿಯುತ್ತಿದ್ದಳು. ಅವಳು ಸತ್ತ ಮೇಲೆ ಮನೆಯ ಪಡಿ ಮೀರಿತೆಂದು ಮದುವೆ, ಸೀಮಂತ, ತೊಟ್ಟಿಲು ಎಲ್ಲವನ್ನೂ ಮೂರನೆಯ ದರ್ಜೆಗೆ ಒತ್ತಿದರು. ಈಗ ಅವುಗಳಲ್ಲಿ ಅವ್ವ ಪೂರ್ತಿ ಹಲ್ಲು ತೋರಿಸಿ, ಸೆರಗು ಎತ್ತದೆ ನಗುತ್ತಾಳೆ. ಮೊದಲ ಸಲ ಅದನ್ನು ಕಂಡಾಗ ಅಪ್ಪ, "ಈ ಬಾಯಾರು ಯಾರು, ನಮ್ಮ ಮನ್ಯಾಗ ಯಾಕ ನಗಾಕಹತ್ಯಾರ?" ಎಂದಿದ್ದ. ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಅದೇ ಕತೆ. ಜನ ಹೊಂದಿಕೊಂಡಿದ್ದರು. ಸತ್ತವರ ಗುರುತಿಗೆ ಮುಖ ಬಿಟ್ಟು ಸೀರೆಯ ಬಣ್ಣ ನೆನಪಿಟ್ಟುಕೊಳ್ಳುತ್ತಿದ್ದರು.

ಒಂದು ತುಣುಕು ಮಾತ್ರ ಉಳಿದಿತ್ತು, ಹತ್ತೊಂಬತ್ತು ಸೆಕೆಂಡು. ಭಂಡಾರದ ನೌಕರರ ಮನೆಗೆ ಅರ್ಧ ನಿಮಿಷ ಒಂದನೆಯ ದರ್ಜೆ ಕೊಡುತ್ತಾರೆ. ಆ ಅರ್ಧ ನಿಮಿಷದಲ್ಲಿ ಹಲ್ಲಿಲ್ಲದ ಅವ್ವ ಇದ್ದಳು. ನೌಕರಿ ಹೋದರೆ ತುಣುಕೂ ಮೂರಕ್ಕೆ ಇಳಿಯುತ್ತದೆ. ಹಂಚಿನಮನಿಗೆ ಇದು ಚೆನ್ನಾಗಿ ಗೊತ್ತು ಎಂಬುದು ಅವಳಿಗೆ ಅನ್ನ ಕಲಸುವಾಗ ಹೊಳೆಯಿತು.

*

ಮರುದಿನ ಊಟದ ಬಿಡುವಿನಲ್ಲಿ ವಿಭಾಗ ಖಾಲಿಯಾದಾಗ ನೀಲಗಂಗಾ ಮೂಲವನ್ನು ತೆರೆದಳು. ಪ್ರಮಾಣ ಮಾಡುವವರಿಗೆ ಮೂಲ ನೋಡುವ ಹಕ್ಕಿದೆ ಎಂದು ನಿಯಮದಲ್ಲಿತ್ತು. ಯಾರೂ ನೋಡುತ್ತಿರಲಿಲ್ಲ ಅಷ್ಟೆ.

ಹುಲಿಗೆಪ್ಪ ಕೋಟು ಬಿಚ್ಚಿ ಯಮನೂರಿಗೆ ತೊಡಿಸಿದ. ಕೋಟಿನ ಗುಂಡಿ ಹಾಕುವಾಗ ಏನೋ ಅಂದ, ಇಬ್ಬರೂ ನಕ್ಕರು. ಹಗ್ಗ ಹಿಡಿದು ಇಳಿದ. ನಾಲ್ಕು ನಿಮಿಷಕ್ಕೆ ಯಮನೂರಿ ಹಗ್ಗ ಜಗ್ಗಿದ. ಹಗ್ಗ ಖಾಲಿ ಬಂತು. ನೆಲಕ್ಕೆ ಬಿದ್ದು ಎರಡೂ ತೋಳನ್ನು ಗುಂಡಿಯೊಳಗೆ ಇಳಿಬಿಟ್ಟ. ಗುತ್ತಿಗೆದಾರನ ಮನುಷ್ಯ ಬಂದು ಅವನನ್ನು ಕಾಲು ಹಿಡಿದು ಎಳೆದ. ಒಂಬತ್ತೂ ಐವತ್ತಕ್ಕೆ, ಸರಿಯಾಗಿ ತಾಯಿ ಫ್ರೇಮು ಬೀಳುವ ಗಳಿಗೆಗೆ, ಯಮನೂರಿ ಏಳನೇ ನಂಬರು ತೊಟ್ಟು ಕಲ್ಲಾಗಿ ನಿಂತಿದ್ದ. ಫೋನಿನಲ್ಲಿದ್ದ ಗುತ್ತಿಗೆದಾರನ ಮನುಷ್ಯ ಕಾಲಿನಿಂದ ಮುಚ್ಚಳ ಸರಿಸುತ್ತಿದ್ದ.

ನೀಲಗಂಗಾ ಕಣ್ಣು ಒರೆಸಿಕೊಳ್ಳಲಿಲ್ಲ. ಅನುಮಾನ ಅವಳಿಗೆ ಅಳಲು ಪುರುಸೊತ್ತು ಕೊಡಲಿಲ್ಲ. ಗಾತ್ರ ಇಳಿಸುತ್ತ ಇಳಿಸುತ್ತ ಪ್ರತಿಗಳನ್ನು ಎಕ್ಸ್‌ಪೋರ್ಟ್ ಮಾಡಿ ನೋಡತೊಡಗಿದಳು. ಒಂಬತ್ತುನೂರು ಮೆಗಾಬೈಟು: ಹುಲಿಗೆಪ್ಪ ಬರಲಿಲ್ಲ. ಮುನ್ನೂರು: ಬಣ್ಣ ಕಲಸಿತು, ಮುಖ ಮೇಣವಾಯಿತು, ಆದರೂ ಬರಲಿಲ್ಲ. ನೂರು: ಬರಲಿಲ್ಲ. ಐವತ್ತು. ನಲವತ್ತು. ಮೂವತ್ತೆಂಟರಲ್ಲಿ ಒಂಬತ್ತೂ ನಲವತ್ತೇಳರ ಒಬ್ಬ ತಾಯಿ ಉಳಿದಿದ್ದಳು. ಅವಳ ಮಡಿಲಲ್ಲಿ ಯಮನೂರಿ ಮುಖ ಕೆಳಗಾಗಿ ಬಿದ್ದಿದ್ದ. ಮೂವತ್ತೇಳಕ್ಕೆ ಇಳಿಸಿದಾಗ ಆ ತಾಯಿ ಮಾಯವಾದಳು. ಯಮನೂರಿ ಎದ್ದು ಕಿಸೆ ಮುಟ್ಟುತ್ತ ಹೊರಟುಹೋದ. ಹುಲಿಗೆಪ್ಪ ಶುಭ್ರವಾದ ಕೋಟಿನಲ್ಲಿ ಗುಂಡಿಯಿಂದ ಎದ್ದು ಹಣೆ ಒರೆಸಿಕೊಂಡ.

ಒಂದು ಮೆಗಾಬೈಟು. ಬಡಾವಣೆಯ ಬೆಕ್ಕಿನ ಒಂದು ಮೀಸೆಯಷ್ಟು ಜಾಗ.

ಊಹಕ ಇಳಿದವನನ್ನು ಎಬ್ಬಿಸುವುದನ್ನು ಕಲಿತದ್ದು ಎಲ್ಲಿ ಎಂದು ಹುಡುಕಿದಳು. ಪಾಠದ ಪಟ್ಟಿಯಲ್ಲಿ ಸಿಕ್ಕಿತು. ಚರಂಡಿ ಕೆಲಸದ ದೃಶ್ಯಗಳನ್ನು ಅದಕ್ಕೆ ಕಲಿಸಿದ್ದು ಇಲಾಖೆಯ ಸುರಕ್ಷಾ ತರಬೇತಿಯ ಚಿತ್ರಗಳಿಂದ. ಅವುಗಳಲ್ಲಿ ಇಳಿದವರೆಲ್ಲ ಶುಭ್ರವಾಗಿ ಎದ್ದು ಬಂದಿದ್ದರು.

ಕೊನೆಗೆ ಕಡತದ ಚರಿತ್ರೆ ತೆರೆದಳು. ಎರಡು ಸಾಲು. ಮೇಲಿನದರಲ್ಲಿ ಹಂಚಿನಮನಿಯ ಹೆಸರಿತ್ತು: ಪೊಲೀಸರು ಮೂಲ ಕೊಡಿ ಎಂದು ಕೇಳಿದ್ದರು, ಅವನು 'ಪ್ರತಿ ಸಾಕು' ಎಂದು ಗುರುತು ಹಾಕಿದ್ದ. ಅವಳು ಕಾದದ್ದು ಅದಕ್ಕೇ. ಹಲ್ಲು ಕಚ್ಚಿ ಕೆಳಗಿನ ಸಾಲಿಗೆ ಬಂದಳು. ಮಾರ್ಚ್ ಹನ್ನೊಂದು, ಸಂಜೆ ನಾಲ್ಕೂ ಇಪ್ಪತ್ತು. ಆರುನೂರ ಹನ್ನೆರಡು ಕಡತ ಒಟ್ಟಿಗೆ. ಸೆಟ್ಟಿಂಗು: 'ಚಾಳು-ಸಾಮಾನ್ಯ', ತಲಾ ನಾಲ್ಕು ಮೆಗಾಬೈಟು. ಒತ್ತಿದವರು: ನೀಲಗಂಗಾ.

ಆ ಸಂಜೆ ಅಪ್ಪನನ್ನು ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯುವ ಅವಸರವಿತ್ತು. ಪಟ್ಟಿ ಪೂರ್ತಿ ಆರಿಸಿ, ಒಂದೇ ಸಲ ಒತ್ತಿ, ಬ್ಯಾಗು ಎತ್ತಿಕೊಂಡು ಓಡಿದ್ದಳು. ಅಷ್ಟೆ. ಯಾರ ಮೇಲೂ ದ್ವೇಷವಿರಲಿಲ್ಲ.

ಎರಡು ದಿನದಿಂದ ಎಲ್ಲರ ಬೆನ್ನು ಹತ್ತಿದ್ದ ಅನುಮಾನ ತಿರುಗಿ ಬಂದು ಅವಳ ಕುರ್ಚಿಯಲ್ಲೇ ಕೂತಿತು.

*

ಸಂಜೆ ಆರಕ್ಕೆ ಅವಳು ಗಿರಣಿ ಚಾಳಿಗೆ ಹೋದಳು. ಯಮನೂರಿ ನಳದ ಕಟ್ಟೆಯ ಮೇಲೆ ಕೂತಿದ್ದ. ಸೆಕೆಯಲ್ಲೂ ಮೈಮೇಲೆ ಎರಡು ಕೋಟು. ಮೇಲಿನದರ ಏಳು ಮಾಸಿ ಒಂದರಂತೆ ಕಾಣುತ್ತಿತ್ತು. ದುರ್ಗವ್ವ ಬಾಗಿಲಲ್ಲಿ ನಿಂತಳು, ಒಳಗೆ ಬಾ ಎನ್ನಲಿಲ್ಲ.

ನೀಲಗಂಗಾ ನಿಂತೇ ಹೇಳಿದಳು. "ಒತ್ತಿದಾಕಿ ನಾನ. ಅವರನ್ನ ಮ್ಯಾಲ ತಂದಾಕಿ ನಾನ."

ನಳ ತೊಟ್ಟಿಕ್ಕುತ್ತಿತ್ತು.

"ಮೂಲ ಐತೇನ್ರಿ ಇನ್ನಾ?" ಎಂದ ಯಮನೂರಿ.

"ಐತಿ. ನಾಳೆ ಅಳಸಂತ ಹೇಳ್ಯಾರ. ನಾ ಹೆಬ್ಬೆಟ್ಟು ಒತ್ತಲಿಲ್ಲಂದ್ರ ಕಡತ ತಕರಾರಿಗೆ ಬೀಳತೈತಿ. ತಕರಾರಿಗೆ ಬಿದ್ದದ್ದನ್ನ ವಿಚಾರಣಿ ಮುಗಿಯೂತನಕ ಯಾರೂ ಮುಟ್ಟಂಗಿಲ್ಲ. ನಿಯಮ ಐತಿ. ಇಲ್ಲೀತನಕ ಯಾರೂ ಮಾಡಿಲ್ಲ."

"ನನ್ನ ಹೆಬ್ಬೆಟ್ಟೂ ಒತ್ತಿಸ್ಕೊಂಡಾರ್ರಿ," ಎಂದ ಯಮನೂರಿ. "ನಾ ಅಲ್ಲಿದ್ದಿಲ್ಲಂತ."

ದುರ್ಗವ್ವ ನೀಲಗಂಗಾಳನ್ನು ಕೌಂಟರಿನ ಗಾಜಿಗೆ ಬಗ್ಗಿ ನೋಡಿದಂತೆಯೇ ನೋಡಿದಳು. ನಂಬಿದಳೆಂದು ಹೇಳಲಾಗದು. "ಚಾಳಿಗೆ ಬಂದು ಕಣ್ಣೀರ್ ಹಾಕಿ ಹೋಗಾವ್ರನ್ನ ಭಾಳ ಮಂದಿ ನೋಡೀನಿ ಅಕ್ಕಾರ. ನೀವು ಹಾಕಿಲ್ಲ, ಅದೊಂದ ಚಲೋ," ಎಂದಳು. ಆಮೇಲೆ ಯಮನೂರಿಯ ಕಡೆ ತಿರುಗಿ, "ಪಾಳಿ ಬದಲ ಮಾಡೋ ಯಮನೂರಿ. ನಾಳೆ ಕಾಯಾಕಿ ಈಕಿ," ಎಂದಳು.

ಯಮನೂರಿ ಎದ್ದು ಕೋಟು ಬಿಚ್ಚಿದ. ನೆಲಕ್ಕೆ ತಾಗದಂತೆ, ಮೈಯಿಂದ ಮೈಗೆ, ನೀಲಗಂಗಾಳ ಹೆಗಲಿಗೆ ತೊಡಿಸಿದ. ಬೆವರು, ಬೀಡಿ, ಗುಂಡಿಯ ವಾಸನೆ. ಎಂಬತ್ತೆಂಟು ದಿನದ ಭಾರ ಇಳಿದವನಂತೆ ಅವನು ಕಟ್ಟೆಯ ಮೇಲೆ ಕುಸಿದು ಕೂತ.

ಮನೆಗೆ ಬಂದಾಗ ಅಪ್ಪ ಮೂಗು ಮುರಿದ. "ಏನದು ವಾಸನಿ, ಗಂಗೀ?"

ಅವಳು ಎಲ್ಲ ಹೇಳಿದಳು. ನೌಕರಿಯ ಮಾತು, ಅವ್ವನ ಹತ್ತೊಂಬತ್ತು ಸೆಕೆಂಡಿನ ಮಾತು. ಅಪ್ಪ ಶೇಂಗಾದ ಸಿಪ್ಪೆ ಬೆರಳಲ್ಲಿ ಪುಡಿ ಮಾಡುತ್ತ ಕೂತ.

"ನನಗ ಹೆಂಗೂ ಕಣ್ಣು ಕಾಣಂಗಿಲ್ಲ. ನಿಮ್ಮವ್ವಗ ಹಲ್ಲು ಹುಟ್ಟಿದರ ಹುಟ್ಟಲಿ ಬಿಡು, ಕರ್ಚಿಕಾಯಿ ತಿಂತಾಳ," ಎಂದ. ಸ್ವಲ್ಪ ಹೊತ್ತಿಗೆ, "ಆದ್ರ ಇವತ್ತೊಂದಿನ ಹಚ್ಚು. ಆಕಿ ನಗೂದು ಕೇಳ್ತೀನಿ," ಎಂದ.

*

ಎಂಬತ್ತೊಂಬತ್ತನೆಯ ದಿನ ಹನ್ನೊಂದು ಗಂಟೆಗೆ ಹಂಚಿನಮನಿ ಹೆಬ್ಬೆಟ್ಟಿನ ಯಂತ್ರ ಹಿಡಿದು ಬಂದ. ವಿಭಾಗದ ಚಳಿಗೆ ಎಲ್ಲರೂ ಸ್ವೆಟರು ತೊಟ್ಟಿದ್ದರು. ನೀಲಗಂಗಾಳ ಸ್ವೆಟರಿನ ಮೇಲೆ ಕಿತ್ತಳೆ ಕೋಟಿತ್ತು. ಅವನು ಅದನ್ನು ನೋಡಿಯೂ ನೋಡದವನಂತೆ ಯಂತ್ರವನ್ನು ಮೇಜಿನ ಮೇಲಿಟ್ಟ. ಇವತ್ತು ಚಹಾ ಇರಲಿಲ್ಲ.

"ಒತ್ರಿ."

"ನಾ ಮೂಲ ನೋಡೀನ್ರಿ ಸರ್."

"ಯಾರು ಹೇಳಿದ್ರು ನೋಡಾಕ?"

"ಪ್ರಮಾಣ ಮಾಡಂದಾವ್ರು ನೀವ. ನೋಡದ ಹ್ಯಾಂಗ ಮಾಡ್ಲಿ?"

ಅವನು ಕುರ್ಚಿ ಎಳೆದು ಹತ್ತಿರ ಕೂತು ದನಿ ಇಳಿಸಿದ. "ನೀಲಗಂಗಾ, ಒತ್ತಿದ್ದು ಯಾರ ಹೆಸರಿನ್ಯಾಗ ಅಂತ ನೋಡೀರಿಲ್ಲೋ?"

"ನೋಡೀನಿ. ನನ್ನ ಹೆಸರು. ಅದರ ಮ್ಯಾಲಿನ ಸಾಲಿನ್ಯಾಗ ನಿಮ್ಮ ಹೆಸರು."

ಹಂಚಿನಮನಿ ಯಂತ್ರವನ್ನು ಅವಳತ್ತ ತಳ್ಳಿದ. "ಮೂಲ ಉಳದ್ರ ಮೊದಲ ಸಿಗೂವಾಕಿ ನೀವು. ಅಳಸಿದ್ರ ಯಾರೂ ಸಿಗಂಗಿಲ್ಲ. ನಿಮ್ಮ ಸಲುವಾಗೇನ ಹೇಳಾಕಹತ್ತೀನಿ. ಮನ್ಯಾಗ ಅವ್ವಾರ ವೀಡಿಯೊ ಬ್ಯಾರೆ ಐತಿ..."

"ಅದರ ಲೆಕ್ಕ ನಮ್ಮಪ್ಪ ಮುಗಿಸ್ಯಾನ್ರಿ."

ವಿಭಾಗದಲ್ಲಿ ಕೀಲಿಮಣೆಗಳ ಸದ್ದು ನಿಂತಿತು. ಪಕ್ಕದ ಸಾಲಿನವರು ಪರದೆ ಬಿಟ್ಟು ಇತ್ತ ನೋಡುತ್ತಿದ್ದರು. ಹಂಚಿನಮನಿಗೆ ಅದು ಬೆನ್ನಿಗೆ ತಾಗಿತು. ಎದ್ದು ನಿಂತು ದನಿ ಏರಿಸಿದ.

"ಮೊದಲ ಆ ಹೊಲಸು ಕೋಟು ಬಿಚ್ಚಿ ಆಚೆ ಒಗೀರಿ! ಇದು ಆಫೀಸು. ಬಿಚ್ಚಿ, ಹೆಬ್ಬೆಟ್ಟು ಒತ್ತಿ, ಮನಿಗೆ ನಡೀರಿ."

ನೀಲಗಂಗಾ ಯಂತ್ರವನ್ನು ಎರಡು ಬೆರಳಿನಿಂದ ಮೇಜಿನ ಆಚೆ ತುದಿಗೆ ಸರಿಸಿದಳು. ಪರದೆಯ ಮೇಲೆ ಕಡತದ ಹೆಸರಿನ ಮುಂದೆ 'ತಕರಾರು' ಎಂದು ಬರೆದಳು. ಆಮೇಲೆ ಕೋಟಿನ ಮೇಲಿನ ಗುಂಡಿ ಬಿಚ್ಚಿದ್ದುದನ್ನು ಗಮನಿಸಿ, ಅದನ್ನೂ ಹಾಕಿಕೊಂಡಳು.

"ಬಿಚ್ಚೂದಿಲ್ರಿ ಸರ್," ಎಂದಳು. "ಇಳಿದಾಂವ ಬಂದು ಕೇಳಬೇಕು."